12 ದಿನ, 14 ಜನ, ಫ್ರಾನ್ಸ್: ಈ ಪ್ಲಾನ್ ನಡೆಯುತ್ತಾ?

ಕಾವೇರಿಪಯಣ
ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಫ್ರಾನ್ಸ್‌ಗೆ ಹೊರಡುವ ಯೋಚನೆ ಇದೆ. 45 ಜನರ ಬಸ್ ಟೂರ್ ಬೇಡ, ಸಣ್ಣ ಗುಂಪೇ ಇರಲಿ ಅಂತ 14 ಜನ ಸೇರಿದ್ದೇವೆ. ಒಬ್ಬ ಟೂರ್ ಲೀಡರ್, ಒಂದು ಮಿನಿ ಬಸ್, ಒಬ್ಬ ಡ್ರೈವರ್. ಗುಂಪಿನಲ್ಲಿ 65 ದಾಟಿದವರು ನಾಲ್ವರು. ಐವರು ಶುದ್ಧ ಸಸ್ಯಾಹಾರಿಗಳು, ಅವರಲ್ಲಿ ಇಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಏಜೆಂಟ್ ಕೊಟ್ಟ ಪ್ಲಾನ್:
1 ಸೋಮವಾರ: ಪ್ಯಾರಿಸ್ ತಲುಪುವುದು
2 ಮಂಗಳವಾರ: ಲೂವ್ರ್ ಮ್ಯೂಸಿಯಂ, ಸೆನ್ ನದಿಯಲ್ಲಿ ದೋಣಿ, ರಾತ್ರಿ ಐಫೆಲ್ ದೀಪಾಲಂಕಾರ
3 ಬುಧವಾರ: ವರ್ಸಾಯ್ ಅರಮನೆ, ಚಿತ್ರಕಾರ ಮೊನೆಯ ತೋಟ (ಜಿವೆರ್ನಿ)
4 ಗುರುವಾರ: ಬಾಯೊ ಟ್ಯಾಪೆಸ್ಟ್ರಿ (ಹಳೇ ಕಸೂತಿ ಬಟ್ಟೆ), ನಾರ್ಮಂಡಿ ಯುದ್ಧದ ಕಡಲತೀರ, ಮೋಂ ಸೇಂ ಮಿಶೆಲ್‌ನಲ್ಲಿ ರಾತ್ರಿ
5 ಶುಕ್ರವಾರ: ಲ್ವಾರ್ ಕಣಿವೆ, ಶಾಂಬೋರ್ ಮತ್ತು ಶೆನೊನ್ಸೋ, ಆಂಬ್ವಾಜ್‌ನಲ್ಲಿ ರಾತ್ರಿ
6, 7: ದೋರ್ದೋನ್, ಸಾರ್ಲಾದಲ್ಲಿ ಎರಡು ರಾತ್ರಿ, ಲಾಸ್ಕೊ ಗುಹೆ (ಆದಿಮಾನವರ ಚಿತ್ರಗಳು)
8, 9: ಆವಿನ್ಯೋಂ, ಲ್ಯಾವೆಂಡರ್ ಹೊಲ, ಗೋರ್ದ್
10: ನೀಸ್
11: ಲಿಯೋಂ
12 ಶುಕ್ರವಾರ: ಪ್ಯಾರಿಸ್ ಏರ್‌ಪೋರ್ಟ್

ಅಡ್ವಾನ್ಸ್ ಇನ್ನೂ ಕಟ್ಟಿಲ್ಲ. ಗೊತ್ತಿರುವವರು ಒಂದು ಕಣ್ಣು ಹಾಯಿಸಿ.

ನಕ್ಷೆಪ್ರಿಯ
ಎರಡನೇ ದಿನವೇ ಮುಗ್ಗರಿಸಿದೆ. ಮಂಗಳವಾರ ಲೂವ್ರ್‌ಗೆ ರಜೆ.

ಹರಟೆಕಟ್ಟೆ
😂 ಏಜೆಂಟ್‌ಗೂ ರಜೆ ಕೊಡಿ.

ಲ್ವಾರ್ ದಂಡೆ
ನಾಲ್ಕನೇ ದಿನವೂ ಹಾಗೇ. ಬಾಯೊ ಮ್ಯೂಸಿಯಂ 2025ರ ಸೆಪ್ಟೆಂಬರ್‌ನಲ್ಲೇ ಬಾಗಿಲು ಹಾಕಿದೆ. ಹೊಸ ಕಟ್ಟಡದ ಕೆಲಸ ನಡೀತಿದೆ, 2027ರ ಅಕ್ಟೋಬರ್‌ವರೆಗೆ ತೆರೆಯುವುದಿಲ್ಲ. ಟ್ಯಾಪೆಸ್ಟ್ರಿಯನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಸಾಲ ಕೊಡುತ್ತಿದ್ದಾರೆ. ಅಂದರೆ ಈ ಪ್ಲಾನ್ ಹಳೇ ಬ್ರೋಷರ್‌ನಿಂದ ಎತ್ತಿ ಹಾಕಿದ್ದು. ಇನ್ನೇನೇನು ಹಳೆಯದಿದೆಯೋ, ಒಂದೊಂದೇ ಸಾಲು ಹಿಡಿದು ಕೇಳಿ. ಹಾಗೇ ಪ್ಯಾರಿಸ್‌ನ ಆಧುನಿಕ ಕಲೆಯ ಮ್ಯೂಸಿಯಂ ಪೋಂಪಿದು ಸೆಂಟರ್ ಕೂಡ 2025ರಿಂದ ಮುಚ್ಚಿದೆ, 2030ಕ್ಕೆ ತೆರೆಯುವ ಲೆಕ್ಕ. ಅದನ್ನೂ "ಐಚ್ಛಿಕ" ಅಂತ ತುರುಕಿದ್ದಾರಾ ನೋಡಿ.

ನಕ್ಷೆಪ್ರಿಯ
ಈಗ ದೂರದ ಲೆಕ್ಕ ನೋಡೋಣ. ಪ್ಯಾರಿಸ್‌ನಿಂದ ಬಾಯೊ 265 ಕಿ.ಮೀ., ಅಲ್ಲಿಂದ ಮೋಂ ಸೇಂ ಮಿಶೆಲ್ 120. ಮರುದಿನ ಲ್ವಾರ್‌ಗೆ 300ಕ್ಕೂ ಮೇಲೆ. ಆಂಬ್ವಾಜ್‌ನಿಂದ ಸಾರ್ಲಾ 380. ಸಾರ್ಲಾದಿಂದ ಆವಿನ್ಯೋಂ ಯಾವ ದಾರಿ ಹಿಡಿದರೂ 400 ಮೀರುತ್ತೆ. ನಡುವೆ ಗುಡ್ಡಗಾಡು, ನೇರ ಹೈವೇ ಇಲ್ಲ. ಆಮೇಲೆ ನೀಸ್ 260, ಲಿಯೋಂ 470, ಪ್ಯಾರಿಸ್ ಮತ್ತೆ 470 ಚಿಲ್ಲರೆ. ಊರಿಂದೂರಿಗೆ ಹೋಗುವುದೇ ಸುಮಾರು 2,700 ಕಿ.ಮೀ. ಆಯ್ತು, ಅಲ್ಲಲ್ಲಿ ಸುತ್ತಾಡುವುದು ಬೇರೆ.

ಗೂಗಲ್ ಮ್ಯಾಪ್ ತೋರಿಸುವ ಸಮಯ ಕಾರಿನದು. ಮೋಟಾರ್‌ವೇಯಲ್ಲಿ ಕಾರಿಗೆ ಗಂಟೆಗೆ 130 ಮಿತಿ, ಬಸ್‌ಗೆ 100. ಮ್ಯಾಪ್ 4 ಗಂಟೆ ಅಂದರೆ 5 ಅಂತ ಓದಿ, ಶೌಚಾಲಯಕ್ಕೆ ನಿಲ್ಲಿಸುವುದನ್ನು ಸೇರಿಸಿ ಐದೂವರೆ. ಇನ್ನೊಂದು, 11 ರಾತ್ರಿಗೆ ಏಳು ಹೋಟೆಲ್! ಆರು ಸಲ ಪೆಟ್ಟಿಗೆ ಕಟ್ಟಿ, ಇಳಿಸಿ, ರೂಮಿನ ಕೀಲಿಗೆ ಕಾಯಬೇಕು. 14 ಜನ ಅಂದರೆ ಒಂದೊಂದು ಸಲಕ್ಕೂ ಒಂದೂವರೆ ಗಂಟೆ ಗ್ಯಾರಂಟಿ ಹೋಗುತ್ತೆ.

ಕಡಲತಡಿ
ಡ್ರೈವರ್ ಒಬ್ಬನೇ ಅಂದಿರಲ್ಲ, ಅಲ್ಲಿ ಕಾನೂನೇ ಅಡ್ಡ ಬರುತ್ತೆ. ಡ್ರೈವರ್ ಸೇರಿ 9 ಸೀಟಿಗಿಂತ ದೊಡ್ಡ ಬಾಡಿಗೆ ವಾಹನಕ್ಕೆ ಯುರೋಪಿಯನ್ ಯೂನಿಯನ್ನಿನ 561/2006 ನಿಯಮ ಅನ್ವಯ. ದಿನಕ್ಕೆ 9 ಗಂಟೆ ಸ್ಟೀರಿಂಗ್, ವಾರದಲ್ಲಿ ಎರಡು ದಿನ ಮಾತ್ರ 10. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬ್ರೇಕ್. ಎಲ್ಲರೂ ಮರೆಯುವುದು ವಿಶ್ರಾಂತಿಯ ನಿಯಮ. ದಿನಕ್ಕೆ ಸತತ 11 ಗಂಟೆ ಕೊಡಬೇಕು, ಅದನ್ನು 9ಕ್ಕೆ ಇಳಿಸಲು ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ನಡುವೆ ಮೂರು ಸಲ ಮಾತ್ರ ಅವಕಾಶ. ಬಸ್ಸಿನಲ್ಲಿರುವ ಟ್ಯಾಕೊಗ್ರಾಫ್ ಅನ್ನುವ ಯಂತ್ರ ಎಲ್ಲವನ್ನೂ ಬರೆದಿಡುತ್ತೆ, ಪೊಲೀಸರು ದಾರಿಯಲ್ಲೇ ತೆಗೆದು ನೋಡುತ್ತಾರೆ.

ಈಗ ನಿಮ್ಮ ಎರಡನೇ ದಿನ ನೋಡಿ. ಜೂನ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ರ ಹೊತ್ತಿಗೆ. ಐಫೆಲ್ ಮಿನುಗುವುದು ಕತ್ತಲಾದ ಮೇಲೆ, ಗಂಟೆಗೊಮ್ಮೆ ಐದು ನಿಮಿಷ. ಅದನ್ನು ನೋಡಿ ಬಸ್ ಹೋಟೆಲ್ ಮುಟ್ಟಿ, ಡ್ರೈವರ್ ಗಾಡಿ ನಿಲ್ಲಿಸುವಾಗ 12 ಹೊಡೆದಿರುತ್ತೆ. ಮರುದಿನ ಬೆಳಿಗ್ಗೆ 8ಕ್ಕೆ ವರ್ಸಾಯ್‌ಗೆ ಅವನು ಹೊರಡುವ ಹಾಗೇ ಇಲ್ಲ. ಒಂದೋ ಎರಡನೇ ಡ್ರೈವರ್‌ಗೆ ದುಡ್ಡು ಕೊಡಿ, ಇಲ್ಲಾ ಐಫೆಲ್‌ಗೆ ಮೆಟ್ರೋದಲ್ಲಿ ಹೋಗಿ. ಎರಡನೆಯದೇ ಮೇಲು.

ಧಾರವಾಡ ಪೇಡಾ
ಹಂಗಾದ್ರ ಎಂಟೆಂಟು ಮಂದಿ ಎರಡು ವ್ಯಾನ್ ಮಾಡ್ಕೊಂಡ್ರ ಈ ಕಿರಿಕಿರಿನ ಇರಂಗಿಲ್ಲಲ್ರೀ? 9 ಸೀಟಿನ ಗಾಡಿಗೆ ಆ ರೂಲ್ ಇಲ್ಲ ಅಂತ ನೀವ ಹೇಳಿದ್ರಿ.

ಕಡಲತಡಿ
ಪೇಡಾ ಅವರೇ, ಟ್ಯಾಕೊಗ್ರಾಫ್ ನಿಯಮ ಇಲ್ಲ ನಿಜ. ಆದರೆ ಸುಸ್ತಾದ ಡ್ರೈವರ್ ಸುಸ್ತಾದವನೇ ಅಲ್ವಾ. ಇನ್ನು ಲಗೇಜ್: 9 ಸೀಟಿನ ವ್ಯಾನ್ ಭರ್ತಿಯಾದರೆ ಹಿಂದೆ ಎಂಟು 28 ಇಂಚಿನ ಸೂಟ್‌ಕೇಸ್ ಹಿಡಿಸುವುದಿಲ್ಲ. 24 ಇಂಚಿನವನ್ನು ನಿಲ್ಲಿಸಿ ಜೋಡಿಸಿದರೆ ಹೇಗೋ ಆಗುತ್ತೆ, ಹಿಂದಿನ ಕಿಟಕಿ ಮಾತ್ರ ಮುಚ್ಚಿಹೋಗುತ್ತೆ. ಇವರು 14 ಜನ, ಲೀಡರ್ ಸೇರಿ 15. 16 ಸೀಟಿನ ಗಾಡಿ ಬಂದರೆ ಟ್ರೈಲರ್ ಬೇಕೇ ಬೇಕು. "ಮಿನಿ ಬಸ್" ಅಂತಷ್ಟೇ ಬರೆದಿದ್ದರೆ ಒಪ್ಪಬೇಡಿ. ಎಷ್ಟು ಸೀಟು, ಡಿಕ್ಕಿ ಬೇರೆ ಇದೆಯಾ, ಎಸಿ ಹಿಂದಿನ ಸಾಲಿಗೂ ಬರುತ್ತಾ, ಮೂರನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. 14 ಜನಕ್ಕೆ 19ರಿಂದ 22 ಸೀಟಿನದು ಸರಿಯಾದ ಅಳತೆ.

ಬಿಸಿಲುಕೋಲು
ಇಷ್ಟೆಲ್ಲಾ ತಲೆನೋವು ಯಾಕೆ ಸ್ವಾಮಿ? ದೊಡ್ಡ ಕಂಪನಿಯ ಬಸ್ ಟೂರ್‌ನಲ್ಲಿ ಅಡುಗೆಯವರೇ ಜೊತೆಗೆ ಬರುತ್ತಾರೆ. ರಾತ್ರಿ ಅನ್ನ ಸಾರು, ಖರ್ಚೂ ಕಮ್ಮಿ. ಸಣ್ಣ ಗುಂಪು ಅನ್ನೋದೆಲ್ಲ ಶೋಕಿ.

ಲ್ವಾರ್ ದಂಡೆ
ಊಟಕ್ಕೆ ಅನ್ನವೇ ಬೇಕು ಅನ್ನುವವರಿಗೆ ನಿಮ್ಮ ಮಾತು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ 45 ಜನರ ಬಸ್ ಸಾರ್ಲಾದ ಓಣಿಗೂ ನುಗ್ಗಲ್ಲ, ಗೋರ್ದ್‌ನ ಮೇಲಿನ ಚೌಕಕ್ಕೂ ಹತ್ತಲ್ಲ. ಹೋಟೆಲ್ ರಿಂಗ್ ರೋಡಿನ ಪಕ್ಕ, ಊರಿನಿಂದ ಹತ್ತು ಹದಿನೈದು ಕಿ.ಮೀ. ಆಚೆ. ಸಂಜೆ ಊಟ ಮುಗಿಸಿ ಒಂದು ಸುತ್ತು ನಡೆದುಬರೋಣ ಅಂದರೆ ಎದುರಿಗೆ ಟೈರ್ ಅಂಗಡಿ. ಊರ ನಡುವೆ 20–25 ಕೋಣೆಯ ಹಳೇ ಹೋಟೆಲ್‌ನಲ್ಲಿ 45 ಜನ ಹಿಡಿಯುವುದಿಲ್ಲ, 14 ಜನ ಹಿಡಿಯುತ್ತಾರೆ. ಜಾಸ್ತಿ ದುಡ್ಡು ಕೊಡುವುದು ಇದಕ್ಕೆ. ಸಣ್ಣ ಗುಂಪು ಮಾಡಿಕೊಂಡೂ ರಿಂಗ್ ರೋಡ್ ಹೋಟೆಲ್ ಕೊಟ್ಟಿದ್ದರೆ ಮಾತ್ರ ನಿಮ್ಮ "ಶೋಕಿ" ಪದ ಒಪ್ಪುತ್ತೇನೆ.

ಕಾವೇರಿಪಯಣ
ಈಗಷ್ಟೇ ಕೊಟೇಶನ್ ತೆಗೆದು ನೋಡಿದೆ. ಹೋಟೆಲ್ ಹೆಸರೇ ಇಲ್ಲ, "3/4 ಸ್ಟಾರ್ ಅಥವಾ ಸಮಾನ" ಅಂತಿದೆ.

ಒಂದೇ ಸೂಟ್‌ಕೇಸ್
"ಅಥವಾ ಸಮಾನ" ಅನ್ನೋ ಎರಡು ಪದದಲ್ಲೇ ಅವರ ಲಾಭ ಇರೋದು. ಹೆಸರು ಕೇಳಿ. ಹೆಸರು ಬಂದ ಮೇಲೆ ಇವಿಷ್ಟನ್ನೂ ಕೇಳಿ. ಲಿಫ್ಟ್ ಇದೆಯಾ? ಇದ್ದರೂ ಹಳೇ ಕಟ್ಟಡಗಳಲ್ಲಿ ಇಬ್ಬರು ನಿಂತು ಒಂದು ಪೆಟ್ಟಿಗೆ ಇಟ್ಟರೆ ಬಾಗಿಲು ಮುಚ್ಚಲ್ಲ. ಎಸಿ ಇದೆಯಾ? ಹಳ್ಳಿ ಹೋಟೆಲ್‌ಗಳಲ್ಲಿ ಎಷ್ಟೋ ಕಡೆ ಇಲ್ಲ, ಜುಲೈನಲ್ಲಿ ಆವಿನ್ಯೋಂ ಇರುವ ಪ್ರೊವಾನ್ಸ್ ಸೀಮೆಯ ಬಿಸಿಲು 35 ದಾಟುವುದು ಮಾಮೂಲು. ಮಂಚ ಒಂದೇನಾ ಎರಡಾ? ಡಬಲ್ ಅಂದರೆ ಅಲ್ಲಿ ಒಂದೇ ಮಂಚ, ಅದೂ ಎಷ್ಟೋ ಕಡೆ 140 ಸೆಂ.ಮೀ. ಅಗಲದ್ದು. ಇಬ್ಬರು ಗೆಳತಿಯರೋ ಅಣ್ಣತಮ್ಮಂದಿರೋ ಹೋಗುತ್ತಿದ್ದರೆ ಟ್ವಿನ್ ಅಂತ ಮೊದಲೇ ಬರೆಸಿ. ಫ್ರಾನ್ಸಿನ ಮೊದಲ ಮಹಡಿ ಅಂದರೆ ನೆಲಮಹಡಿಯ ಮೇಲಿನದು, ಮಂಡಿ ನೋವಿನವರಿಗೆ ನೆಲಮಹಡಿಯೇ ಕೇಳಿ.

ಪ್ರವಾಸಿ ತೆರಿಗೆ ಅಂತ ರಾತ್ರಿಗೆ ತಲೆಗಿಷ್ಟು ಹೋಟೆಲ್‌ನಲ್ಲೇ ವಸೂಲಿ ಮಾಡುತ್ತಾರೆ, ಅದು ಪ್ಯಾಕೇಜ್‌ನಲ್ಲಿ ಸೇರಿದೆಯಾ ಅದನ್ನೂ ನೋಡಿ.

ಸೊಪ್ಪಿನಸಾರು
ಊಟದ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ದೋರ್ದೋನ್ ಇಡೀ ಫ್ರಾನ್ಸಿನಲ್ಲಿ ಸಸ್ಯಾಹಾರಿಗಳಿಗೆ ಅತಿ ಕಷ್ಟದ ಜಾಗ. ಬಾತುಕೋಳಿ ಕೊಬ್ಬಲ್ಲೇ ಆಲೂಗಡ್ಡೆ ಹುರಿಯುತ್ತಾರೆ. ಸಾರ್ಲಾ ಹೆಸರಿನ ಆಲೂಗಡ್ಡೆ ಖಾದ್ಯವೇ ಅದು. ನೋಡಲು ಬರೀ ತರಕಾರಿ, ಒಳಗೆ ಕೊಬ್ಬು.

ಮೋಸ ಹೋಗುವ ಇನ್ನಷ್ಟು ತಿಂಡಿಗಳಿವೆ. ಈರುಳ್ಳಿ ಸೂಪ್‌ಗೆ ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ನೀರು ಹಾಕುತ್ತಾರೆ. ಕೀಶ್ ಲೊರೇನ್‌ನಲ್ಲಿ ಹಂದಿಮಾಂಸದ ಚೂರು. ನೀಸ್‌ನ ಈರುಳ್ಳಿ ಟಾರ್ಟ್ ಪಿಸ್ಸಲಾದಿಯೇರ್‌ನಲ್ಲಿ ಆಂಚೋವಿ ಮೀನು. ಹಸಿರು ಸಲಾಡ್ ಮೇಲೂ ಹಂದಿ ಚೂರು ಉದುರಿಸಿ ತರುತ್ತಾರೆ. ಮೂಸ್, ಪನ್ನಾ ಕೊಟ್ಟಾ ತರದ ಸಿಹಿಗಳಲ್ಲಿ ಜೆಲಟಿನ್ ಇರಬಹುದು. ಬರೀ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ, ಮೀನು, ಹ್ಯಾಮ್, ಲಾರ್ದೋಂ (ಹಂದಿ ಚೂರು), ಮಾಂಸದ ಸಾರು ಯಾವುದೂ ಬೇಡ ಅಂತ ಫ್ರೆಂಚ್‌ನಲ್ಲಿ ಒಂದು ಚೀಟಿ ಬರೆಸಿ, ಐದು ಪ್ರತಿ ಇಟ್ಟುಕೊಳ್ಳಿ.

ಸಿಗುವುದೂ ಇದೆ. ಬ್ರೆಡ್‌ನಲ್ಲಿ "ತ್ರದಿಸ್ಯೋಂ" ಅಂತ ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಅದು ಮೂಲತಃ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು ಅಷ್ಟೇ. ಬ್ರಿಯೋಶ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತೆ. ಕ್ರೊಸ್ಸಾಂ ಮೇಲಿನ ಹೊಳಪು ಬಹಳ ಕಡೆ ಮೊಟ್ಟೆಯದು, ಮೊಟ್ಟೆ ತಿನ್ನದವರು ಹುಷಾರು. ನೀಸ್‌ನಲ್ಲಿ ಸೊಕ್ಕಾ ಇದೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ದೊಡ್ಡ ತಾಮ್ರದ ತಟ್ಟೆಯಲ್ಲಿ ಸುರಿದು ಸೌದೆ ಒಲೆಯಲ್ಲಿ ಬೇಯಿಸಿ, ಕೆರೆದು ಕೊಟ್ಟು ಮೇಲೆ ಕರಿಮೆಣಸು ಉದುರಿಸುತ್ತಾರೆ. ಅಂಚು ಕರುಕಲು, ನಡು ಮೆತ್ತಗೆ, ನಮ್ಮ ಕಡಲೆಹಿಟ್ಟಿನ ದೋಸೆಗೆ ದೊಡ್ಡಪ್ಪನ ಮಗ. ಬಿಸಿಯಲ್ಲೇ ತಿನ್ನಬೇಕು, ಹತ್ತು ನಿಮಿಷ ಬಿಟ್ಟರೆ ಚಕ್ಕಳ.

ಬಿಸಿಲುಕೋಲು
ಚೀಸ್ ಇರುತ್ತಲ್ಲ, ಎಲ್ಲಾ ಕಡೆ ಸಿಗುತ್ತೆ.

ಸೊಪ್ಪಿನಸಾರು
ಅಲ್ಲೂ ಒಂದು ಕೊಕ್ಕೆ ಇದೆ. ಕೊಂತೆ, ರೋಕ್ಫೋರ್, ನಾರ್ಮಂಡಿಯ ಅಸಲಿ ಕಮಾಂಬೇರ್ ಇವೆಲ್ಲ ಹಾಲು ಹೆಪ್ಪುಗಟ್ಟಿಸಲು ಕರುವಿನಂಥ ಎಳೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವಂಥವು. ಕಟ್ಟುನಿಟ್ಟಿನವರಿಗೆ ಆಗಿಬರಲ್ಲ. ಸೂಪರ್ ಮಾರ್ಕೆಟ್‌ನ ಸಾಧಾರಣ ಚೀಸ್‌ಗಳಲ್ಲಿ ಸೂಕ್ಷ್ಮಜೀವಿ ಮೂಲದ್ದು ಬಳಸಿದವು ಸಿಗುತ್ತವೆ, ಲೇಬಲ್ ಓದಬೇಕು. ಮೊಸರು ಸಲೀಸು.

ಧಾರವಾಡ ಪೇಡಾ
ಅಯ್ಯ, ಚಟ್ನಿಪುಡಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡ ಹೋಗ್ರಿ, ಮುಗೀತು. ರೊಟ್ಟಿ ಮ್ಯಾಲ ಮೊಸರು, ಹಿಂಡಿ. ಯಾವ ರೆನೆಟ್ಟೂ ಬ್ಯಾಡ.

ಲ್ವಾರ್ ದಂಡೆ
ಪೇಡಾ ಅವರೇ, ರೊಟ್ಟಿ, ಚಟ್ನಿಪುಡಿ ಸರಿ. ಹಾಲಿನ ಪದಾರ್ಥ, ಮಾಂಸ ಮಾತ್ರ ಯುರೋಪಿನ ಹೊರಗಿಂದ ಬ್ಯಾಗಿನಲ್ಲಿ ತರುವಂತಿಲ್ಲ. ತುಪ್ಪ, ನಿಮ್ಮ ಧಾರವಾಡ ಪೇಡಾ ಎರಡೂ ಅದರಲ್ಲೇ ಬರುತ್ತವೆ.

ಧಾರವಾಡ ಪೇಡಾ
ಪೇಡಾಕ್ಕ ನಿಷೇಧ? ನಾ ಆ ದೇಶಕ್ಕ ಬರಂಗಿಲ್ಲ ತಗೀರಿ.

ಕಡಲತಡಿ
ಊಟದ ಸಮಯವನ್ನೂ ಹೇಳಿಬಿಡುತ್ತೇನೆ. ಹಳ್ಳಿಗಳಲ್ಲಿ ಮಧ್ಯಾಹ್ನ 12ರಿಂದ 2, ರಾತ್ರಿ 7ರಿಂದ 9 ಅಥವಾ ಒಂಬತ್ತೂವರೆ. ಎರಡೂಕಾಲಿಗೆ ಹೋದರೆ ಒಲೆ ಆರಿಸಿರುತ್ತಾರೆ, ಎಷ್ಟು ಗೋಗರೆದರೂ ಅಷ್ಟೇ. ಭಾನುವಾರ ರಾತ್ರಿ ಮತ್ತು ಸೋಮವಾರ ಸಣ್ಣ ಊರುಗಳಲ್ಲಿ ಬಹಳಷ್ಟು ಹೋಟೆಲ್ ಬಂದ್. 14 ಜನ ಒಟ್ಟಿಗೆ ನುಗ್ಗಿದರೆ ಮೆನು ಕೈಗೆ ಕೊಡುವುದಿಲ್ಲ, ಗುಂಪಿಗೆ ಅಂತ ಎರಡು ಮೂರು ಆಯ್ಕೆಯ ಸ್ಥಿರ ಮೆನು ಇರುತ್ತೆ. ಯಾರಿಗೆ ಏನು ಬೇಕು ಅಂತ ಲೀಡರ್ ಮೊದಲೇ ಕಳಿಸಬೇಕು. "ಐದು ಸಸ್ಯಾಹಾರಿ, ಅದರಲ್ಲಿ ಎರಡು ಮೊಟ್ಟೆ ಇಲ್ಲದ್ದು" ಅನ್ನುವುದು ಬುಕಿಂಗ್ ಜೊತೆಗೇ ಹೋಗಬೇಕು. ಟೇಬಲ್‌ನಲ್ಲಿ ಕೂತು ಹೇಳಿದರೆ ಸಿಗುವುದು ಆಮ್ಲೆಟ್.

ನೀರು ಕೊಳ್ಳಬೇಡಿ. ಕರಾಫ್ ದೋ ಅಂದರೆ ನಲ್ಲಿ ನೀರಿನ ಜಗ್ ತರುತ್ತಾರೆ, ಬಿಟ್ಟಿ. ಸರ್ವಿಸ್ ಚಾರ್ಜ್ ಬಿಲ್ಲಿನಲ್ಲೇ ಸೇರಿರುತ್ತೆ, ಟಿಪ್ಸ್ ಕಡ್ಡಾಯ ಅಲ್ಲ.

ಟಿಜಿವಿ ಗುರು
ಬಸ್ಸಿಗೆ ಯಾಕೆ ಅಂಟಿಕೊಂಡಿದ್ದೀರಿ ಅನ್ನುವುದೇ ಅರ್ಥ ಆಗ್ತಿಲ್ಲ. ಟಿಜಿವಿ ಅಂದರೆ ಫ್ರಾನ್ಸಿನ ಅತಿವೇಗದ ರೈಲು. ಪ್ಯಾರಿಸ್‌ನ ಗಾರ್ ದ ಲಿಯೋಂ ಅನ್ನುವ ಸ್ಟೇಷನ್‌ನಿಂದ ಆವಿನ್ಯೋಂ ಟಿಜಿವಿ ಸ್ಟೇಷನ್‌ಗೆ 2 ಗಂಟೆ 40 ನಿಮಿಷ. ರಸ್ತೆಯಲ್ಲಿ ಸುಮಾರು 700 ಕಿ.ಮೀ. ಉದ್ದ ದಾರಿಗೆ ರೈಲು, ಆಯಾ ಊರಿನ ಸುತ್ತಾಟಕ್ಕೆ ಅಲ್ಲಲ್ಲೇ ಮಿನಿ ಬಸ್ ಬಾಡಿಗೆ. ಡ್ರೈವರ್ ಗಂಟೆ ಲೆಕ್ಕವೂ ಸಲೀಸು.

ರೈಲಿನಲ್ಲಿ ಗುಂಪು ಎಡವುವುದು ಲಗೇಜ್‌ನಲ್ಲಿ. ಇನ್ವಿ ಅನ್ನುವ ಮಾಮೂಲಿ ಟಿಜಿವಿಯಲ್ಲಿ ತಲೆಗೆ ಎರಡು ದೊಡ್ಡ ಪೆಟ್ಟಿಗೆ, ಗರಿಷ್ಠ 70×90×50 ಸೆಂ.ಮೀ., ಜೊತೆಗೆ ಒಂದು ಕೈಚೀಲ. ಪ್ರತಿ ಪೆಟ್ಟಿಗೆಗೂ ಹೆಸರಿನ ಚೀಟಿ ಕಡ್ಡಾಯ. ಮಿತಿ ಮೀರಿದರೆ 50 ಯುರೋ ದಂಡ. ಊಯಿಗೊ ಅನ್ನುವ ಅಗ್ಗದ ರೈಲಿನಲ್ಲಿ ದೊಡ್ಡ ಪೆಟ್ಟಿಗೆಗೆ ಬೇರೆ ದುಡ್ಡು. ಏಜೆಂಟ್ "ಟಿಜಿವಿ" ಅಂತ ಬರೆದು ಊಯಿಗೊ ಬುಕ್ ಮಾಡಿದ್ದಾರಾ ನೋಡಿ. ಬಾಗಿಲು ಹೊರಡುವ 2 ನಿಮಿಷ ಮೊದಲೇ ಮುಚ್ಚುತ್ತೆ. ಪ್ಲಾಟ್‌ಫಾರ್ಮ್ ನಂಬರ್ ಹಾಕುವುದು ಸುಮಾರು 20 ನಿಮಿಷ ಮುಂಚೆ, ರೈಲು ಉದ್ದ 200 ಮೀಟರ್, ಎರಡು ಜೋಡಿಸಿದ್ದರೆ 400. ಕೋಚ್ ನಂಬರ್ ನೋಡದೆ ಓಡಿದರೆ 14 ಜನ 14 ದಿಕ್ಕು. ಅರ್ಧ ಜನ ಹತ್ತಿ ನಿಲ್ಲಿ, ಉಳಿದರ್ಧ ಕೆಳಗಿಂದ ಪೆಟ್ಟಿಗೆ ಕೊಡಲಿ, ಆಮೇಲೆ ಸೀಟು ಹುಡುಕಿ.

ನಕ್ಷೆಪ್ರಿಯ
ಗುರುಗಳ ಮಾತಿಗೆ ನನ್ನದೂ ಒಂದು ವೋಟು. ಆವಿನ್ಯೋಂ ಟಿಜಿವಿ ಸ್ಟೇಷನ್ ಊರಿನ ಹೊರಗಿದೆ ಅನ್ನುವುದನ್ನು ಸೇರಿಸಿಕೊಳ್ಳಿ. ಊರೊಳಗಿನ ಸ್ಟೇಷನ್‌ಗೆ ಲೋಕಲ್ ರೈಲಿನಲ್ಲಿ ಐದಾರು ನಿಮಿಷ. ಕೋಟೆಗೋಡೆಯ ಒಳಗೆ ಹೋಟೆಲ್ ಇದ್ದರೆ ಬಸ್ ಬಾಗಿಲವರೆಗೆ ಬರಲ್ಲ, ಕಲ್ಲು ಹಾಸಿನ ಮೇಲೆ ಪೆಟ್ಟಿಗೆ ಎಳೆಯಬೇಕು. ಸಣ್ಣ ಚಕ್ರದ ಪೆಟ್ಟಿಗೆಗಳು ಅಲ್ಲಿ ಮುರಿಯುತ್ತವೆ. ಜುಲೈಯಲ್ಲಿ ಅಲ್ಲಿ ನಾಟಕೋತ್ಸವ, ಕೋಣೆ ಬೆಲೆ ಗಗನಕ್ಕೆ.

ಹರಟೆಕಟ್ಟೆ
ನಾವೇ ವ್ಯಾನ್ ಓಡಿಸಿಕೊಂಡು ಹೋದರೆ? ಫ್ರಾನ್ಸ್‌ನಲ್ಲಿ ನಮ್ಮ ಲೈಸೆನ್ಸ್ ನಡೆಯುತ್ತಂತಲ್ಲ.

ಕಡಲತಡಿ
ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸ್ ಜೊತೆ ಇಟ್ಟುಕೊಂಡರೆ 9 ಸೀಟಿನವರೆಗೆ ಓಡಿಸಬಹುದು. ಬಲಗಡೆ ಓಡಿಸುವುದು ಅರ್ಧ ದಿನದಲ್ಲಿ ಅಭ್ಯಾಸ ಆಗುತ್ತೆ. ಕೈಕೊಡುವುದು "ಬಲಗಡೆಯವನಿಗೆ ದಾರಿ" ನಿಯಮ. ಬೋರ್ಡ್ ಇಲ್ಲದ ಅಡ್ಡರಸ್ತೆಯಲ್ಲಿ ಬಲದ ಸಣ್ಣ ಓಣಿಯಿಂದ ಬರುವವನೇ ಮೊದಲು, ನೀವು ದೊಡ್ಡ ರಸ್ತೆಯಲ್ಲಿದ್ದರೂ ನಿಲ್ಲಬೇಕು. ಹಳ್ಳಿಗಳಲ್ಲಿ ಈ ಕಾರಣಕ್ಕೆ ಡಿಕ್ಕಿ ಆಗುತ್ತೆ. ಟೋಲ್‌ನಲ್ಲಿ 2 ಮೀಟರ್‌ಗಿಂತ ಎತ್ತರದ ಗಾಡಿಗೆ ಎರಡನೇ ದರ್ಜೆಯ ಸುಂಕ, ಬಾಡಿಗೆ ವ್ಯಾನ್ ಎತ್ತರ ಕೇಳಿ. ಆದರೆ 14 ಜನಕ್ಕೆ ಎರಡು ವ್ಯಾನ್, ನಾಲ್ವರು ಡ್ರೈವರ್‌ಗಳು ಬೇಕು. ರಜೆಯಲ್ಲಿ ನಾಲ್ವರ ಪಾಲಿಗೆ ರಸ್ತೆಯೇ ಗತಿ.

ಒಂದೇ ಸೂಟ್‌ಕೇಸ್
ಲೀಡರ್ ವಿಷಯಕ್ಕೆ ಬರೋಣ. "ಗೈಡ್ ಸೇರಿದ್ದಾರೆ" ಅಂತ ಬರೆದಿದ್ದರೆ ಯಾವ ಗೈಡ್ ಅಂತ ಕೇಳಿ. ಟೂರ್ ಲೀಡರ್ ಅಂದರೆ ಟಿಕೆಟ್, ರೂಮು, ಊಟ ನೋಡಿಕೊಳ್ಳುವವರು.

ಬಿಸಿಲುಕೋಲು
ಒಳ್ಳೇ ಲೀಡರ್ ಇದ್ದರೆ ಅವರೇ ಎಲ್ಲಾ ವಿವರಿಸುತ್ತಾರೆ. ಬೇರೆ ಗೈಡ್ ಯಾಕೆ?

ಒಂದೇ ಸೂಟ್‌ಕೇಸ್
ಬೀದಿಯಲ್ಲಿ ಎಷ್ಟು ಬೇಕಾದರೂ ವಿವರಿಸಲಿ. ಫ್ರಾನ್ಸಿನ ಮ್ಯೂಸಿಯಂ, ಐತಿಹಾಸಿಕ ಸ್ಮಾರಕಗಳ ಒಳಗೆ ಟೂರ್ ಕಂಪನಿ ಮಾರಿದ ಗೈಡೆಡ್ ಭೇಟಿಗೆ "ಗೀದ್ ಕಾನ್ಫೆರಾನ್ಸಿಯೇ" ಅನ್ನುವ ವೃತ್ತಿ ಕಾರ್ಡ್ ಇರುವವರೇ ಬೇಕು. ಲೀಡರ್ ಒಳಗೆ ನಿಂತು ಭಾಷಣ ಶುರು ಮಾಡಿದರೆ ಸಿಬ್ಬಂದಿ ಬಂದು ಕಾರ್ಡ್ ಕೇಳಬಹುದು. ಹಾಗಾಗಿ ಲೂವ್ರ್, ವರ್ಸಾಯ್, ಆವಿನ್ಯೋಂ ಪೋಪ್ ಅರಮನೆ ಈ ಮೂರಕ್ಕಾದರೂ ಸ್ಥಳೀಯ ಗೈಡ್, ಎಷ್ಟು ಗಂಟೆ, ಯಾವ ಭಾಷೆ ಅಂತ ಬರೆಸಿ. ಕಿವಿಗೆ ಹಾಕುವ ರಿಸೀವರ್ ಕೊಡುತ್ತಾರಾ ಅನ್ನುವುದನ್ನೂ ಕೇಳಿ. ಜನಜಂಗುಳಿಯಲ್ಲಿ ಅದಿಲ್ಲದಿದ್ದರೆ ಮುಂದಿನ ನಾಲ್ವರಿಗೆ ಮಾತ್ರ ಕೇಳಿಸುತ್ತೆ.

ಲ್ವಾರ್ ದಂಡೆ
ಟಿಕೆಟ್ ಕೂಡ. 2026ರ ಜನವರಿಯಿಂದ ಲೂವ್ರ್‌ನಲ್ಲಿ ಯುರೋಪಿನ ಹೊರಗಿನವರಿಗೆ 32 ಯುರೋ, ಮೊದಲು 22 ಇತ್ತು. ಹಳೇ ದರದ ಮೇಲೆ ಕೊಟೇಶನ್ ಮಾಡಿದ್ದರೆ ಆಮೇಲೆ "ವ್ಯತ್ಯಾಸ ಕೊಡಿ" ಅನ್ನುತ್ತಾರೆ. ಬುಧವಾರ, ಶುಕ್ರವಾರ ಅದು ರಾತ್ರಿ 9ರವರೆಗೆ ತೆರೆದಿರುತ್ತೆ, ಸಂಜೆ 5ರ ಸ್ಲಾಟ್ ಹಿಡಿದರೆ ನೂಕುನುಗ್ಗಲು ಕಡಿಮೆ. ಓರ್ಸೇ ಮ್ಯೂಸಿಯಂ ಮತ್ತು ವರ್ಸಾಯ್ ಸೋಮವಾರ ಬಂದ್. ಲೂವ್ರ್ ಮುಚ್ಚಿದ ಮಂಗಳವಾರ ಜನ ವರ್ಸಾಯ್‌ಗೆ ಮುತ್ತುತ್ತಾರೆ, ಆ ದಿನ ಬೇಡ. ನೊತ್ರ್ ದಾಮ್ 2024ರ ಡಿಸೆಂಬರ್‌ನಲ್ಲಿ ತೆರೆದಿದೆ, ಒಳಗೆ ಪ್ರವೇಶ ಉಚಿತ. ಅದಕ್ಕೂ "ಟಿಕೆಟ್" ಅಂತ ದುಡ್ಡು ಹಾಕಿದ್ದರೆ ಹೊಡೆದುಹಾಕಿ.

ಲ್ವಾರ್ ಬಗ್ಗೆ: ಒಂದೇ ದಿನದಲ್ಲಿ ಶಾಂಬೋರ್, ಶೆನೊನ್ಸೋ ಎರಡೂ ಆಗುತ್ತೆ. ಆದರೆ ಮೋಂ ಸೇಂ ಮಿಶೆಲ್‌ನಿಂದ 300 ಕಿ.ಮೀ. ಬಂದ ದಿನವೇ ಅಲ್ಲ. ಶೆನೊನ್ಸೋ ನಿಂತಿರುವುದು ಲ್ವಾರ್ ಮೇಲಲ್ಲ, ಶೇರ್ ನದಿಯ ಮೇಲೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. 11ರ ಮೇಲೆ ಅಡುಗೆಮನೆಗೆ ಇಳಿಯುವ ಕಿರಿದಾದ ಮೆಟ್ಟಿಲಲ್ಲಿ ಸಾಲು ನಿಲ್ಲುತ್ತೆ, ಹೊಳೆಯ ಮೇಲಿನ 60 ಮೀಟರ್ ಉದ್ದದ ಗ್ಯಾಲರಿ ತುಂಬಿರುತ್ತೆ. ಬೆಳಿಗ್ಗೆ ಖಾಲಿಯಿದ್ದಾಗ ಕಪ್ಪು ಬಿಳುಪು ಹಾಸುಗಲ್ಲಿನ ಮೇಲೆ ಎರಡೂ ಕಡೆ ಕಿಟಕಿಗಳ ಬೆಳಕು ಬಿದ್ದಿರುತ್ತೆ. ಮಧ್ಯಾಹ್ನ ಕಾಣುವುದು ಎದುರಿನವರ ಬೆನ್ನುಚೀಲ. ಶಾಂಬೋರ್ 1519ರಲ್ಲಿ ಶುರುವಾದ ಅರಮನೆ, ಮಧ್ಯಾಹ್ನ ಹೋದರೂ ತೊಂದರೆ ಇಲ್ಲ, ಅಷ್ಟು ದೊಡ್ಡದು. ಒಂದರ ಸುತ್ತ ಇನ್ನೊಂದು ಸುತ್ತಿಕೊಂಡು ಮೇಲೇರುವ ಜೋಡಿ ಮೆಟ್ಟಿಲನ್ನು ಇಬ್ಬರಿಬ್ಬರಾಗಿ ಬೇರೆ ಬೇರೆ ಕಡೆಯಿಂದ ಹತ್ತಿ ನೋಡಿ. ಆಂಬ್ವಾಜ್‌ನಲ್ಲೇ ಮೂರು ರಾತ್ರಿ ಉಳಿದರೆ ಲಿಯೊನಾರ್ಡೊ ಡಾ ವಿಂಚಿ 1519ರಲ್ಲಿ ಕೊನೆಯುಸಿರೆಳೆದ ಕ್ಲೊ ಲ್ಯೂಸೆ ಮನೆಗೆ ನಡೆದೇ ಹೋಗಬಹುದು.

ಕಾವೇರಿಪಯಣ
ಹಾಗಾದರೆ ಯಾವುದನ್ನು ಬಿಡಲಿ? ಲಾಸ್ಕೊ ಗುಹೆ ಬಿಡಲು ಗುಂಪಿನಲ್ಲಿ ಇಬ್ಬರು ಒಪ್ಪುತ್ತಿಲ್ಲ.

ನಕ್ಷೆಪ್ರಿಯ
ಅವರಿಗೆ ಹೇಳಿ: ಅಸಲಿ ಲಾಸ್ಕೊ 1940ರಲ್ಲಿ ಸಿಕ್ಕಿತು, 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿತು. ಜನರ ಉಸಿರಿನ ಇಂಗಾಲದ ಡೈಆಕ್ಸೈಡ್, ತೇವದಿಂದ ಗೋಡೆಯಲ್ಲಿ ಪಾಚಿ ಹತ್ತಿತು. ಈಗ ತೋರಿಸುವುದು 2016ರಲ್ಲಿ ತೆರೆದ ಪ್ರತಿಕೃತಿ, ನಾಲ್ಕನೇ ಲಾಸ್ಕೊ. ಬಹಳ ಚೆನ್ನಾಗಿ ಮಾಡಿದ್ದಾರೆ, ಆದರೆ ಪ್ರತಿಕೃತಿಗಾಗಿ ಎರಡು ದಿನ ಪೂರ್ತಿ ಬಸ್ಸಿನಲ್ಲಿ ಕೂರಬೇಕು. ದೋರ್ದೋನ್‌ಗೆ ಅಂತಲೇ ಒಂದು ವಾರ ಹೋದರೆ ಸೊಗಸು. ಈ ಪ್ಲಾನ್‌ನಲ್ಲಿ ಬೇಡ.

ಟಿಜಿವಿ ಗುರು
ನಾರ್ಮಂಡಿ, ದೋರ್ದೋನ್, ಲಿಯೋಂ ಮೂರೂ ತೆಗೆಯಿರಿ. ವಿಮಾನ ಪ್ಯಾರಿಸ್‌ಗೆ ಇಳಿದು ನೀಸ್‌ನಿಂದ ಹತ್ತುವ ಹಾಗೆ ತೆಗೆದುಕೊಳ್ಳಿ. ಬೆಂಗಳೂರು–ಪ್ಯಾರಿಸ್ ನೇರ ವಿಮಾನ ಏರ್ ಫ್ರಾನ್ಸ್‌ಗಿದೆ, ನೀಸ್‌ನಿಂದ ಪ್ಯಾರಿಸ್‌ಗೆ ಅದೇ ಟಿಕೆಟ್‌ನಲ್ಲಿ ಕನೆಕ್ಷನ್ ಸಿಗುತ್ತೆ. ಬಂದ ದಾರಿಯಲ್ಲೇ ಸಾವಿರ ಕಿ.ಮೀ. ವಾಪಸ್ ಬರುವ ಕರ್ಮ ತಪ್ಪುತ್ತೆ.

ಪ್ಯಾರಿಸ್ ಏರ್‌ಪೋರ್ಟ್‌ನ ಎರಡನೇ ಟರ್ಮಿನಲ್ ಕೆಳಗೇ ಟಿಜಿವಿ ಸ್ಟೇಷನ್ ಇದೆ. ಕೆಲವು ರೈಲು ಅಲ್ಲಿಂದ ನೇರ ಲ್ವಾರ್ ಕಣಿವೆಯ ತೂರ್ ಊರಿನ ಪಕ್ಕದ ಸೇಂ ಪಿಯೆರ್ ದೆ ಕೋರ್‌ಗೆ ಹೋಗುತ್ತವೆ. ಇಳಿದ ದಿನವೇ ಲ್ವಾರ್‌ಗೆ ಹೋಗಿ ಮೂರು ರಾತ್ರಿ. ಪ್ಯಾರಿಸ್ ಆಮೇಲೆ. ಲ್ವಾರ್ ನಡುವೆ ಬಂದರೆ ಪ್ಯಾರಿಸ್‌ನ ಮೋಂಪಾರ್ನಾಸ್ ಸ್ಟೇಷನ್‌ನಲ್ಲಿ ಇಳಿದು ಗಾರ್ ದ ಲಿಯೋಂಗೆ ಊರು ದಾಟಿ ಪೆಟ್ಟಿಗೆ ಹೊರಬೇಕು, ಅದೂ ತಪ್ಪುತ್ತೆ. ಇಮಿಗ್ರೇಷನ್‌ಗೆ ಸಮಯ ಬಿಟ್ಟು ರೈಲು ಬುಕ್ ಮಾಡಿ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ವ್ಯವಸ್ಥೆ ಬಂದಿದೆ. 14 ಜನಕ್ಕೆ ಮೂರು ಗಂಟೆಯಾದರೂ ಇರಲಿ.

ಹರಟೆಕಟ್ಟೆ
ಹೇಗೂ ಷೆಂಗೆನ್ ವೀಸಾ, ಜಿನೀವಾ ಕೂಡ ಒಂದು ದಿನ ಸೇರಿಸಿ 😜

ನಕ್ಷೆಪ್ರಿಯ
ಕಟ್ಟೆಯಣ್ಣ, ಸುಮ್ನಿರಿ.

ಕಡಲತಡಿ
ವೀಸಾ ಮಾತು ಬಂತಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ. ಬೇಸಿಗೆ ಸೀಸನ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಕೊನೆ ತಿಂಗಳು ನಂಬಬೇಡಿ. ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಒಬ್ಬೊಬ್ಬರೂ ಬೆರಳಚ್ಚು ಕೊಡಬೇಕು, ಐದು ವರ್ಷದೊಳಗೆ ಷೆಂಗೆನ್‌ಗೆ ಕೊಟ್ಟವರಿಗೆ ಸಾಮಾನ್ಯವಾಗಿ ವಿನಾಯಿತಿ. ಶುಲ್ಕ 90 ಯುರೋ, ಸೇವಾ ಶುಲ್ಕ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯುರೋ ಕವರ್. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಅವಧಿ ಇರಬೇಕು. ವೀಸಾ ತಿರಸ್ಕಾರವಾದರೆ ಶುಲ್ಕ ವಾಪಸ್ ಬರಲ್ಲ. ಪ್ಯಾಕೇಜ್ ದುಡ್ಡು ಎಷ್ಟು ಬರುತ್ತೆ, ಅದನ್ನು ಏಜೆಂಟ್ ಹತ್ತಿರ ಈಗಲೇ ಬರೆಸಿ.

ದುಡ್ಡಿನ ಬಗ್ಗೆ ಇನ್ನೆರಡು. ಕೊಟೇಶನ್‌ನಲ್ಲಿ ಜಿಎಸ್‌ಟಿ, ಟಿಸಿಎಸ್ (ಏಜೆಂಟ್ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಬೇರೆ ಬೇರೆ ಸಾಲಿನಲ್ಲಿ ಇರಲಿ. ಟಿಸಿಎಸ್ ನಿಮ್ಮ ಪ್ಯಾನ್ ಮೇಲೆ ಕಟ್ಟಿದರೆ ಮಾತ್ರ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. 14 ಜನರ ದುಡ್ಡನ್ನು ಒಬ್ಬರೇ ಕಟ್ಟಿದರೆ ಎಲ್ಲಾ ಅವರ ಲೆಕ್ಕಕ್ಕೇ ಹೋಗುತ್ತೆ. ಮತ್ತೆ "ಕನಿಷ್ಠ ಸಂಖ್ಯೆ" ಷರತ್ತು: ಇಬ್ಬರು ಹಿಂದೆ ಸರಿದರೆ ಉಳಿದವರ ಮೇಲೆ ಎಷ್ಟು ಬೀಳುತ್ತೆ? ಫ್ರಾನ್ಸಿನ ಕಂಪನಿಯಿಂದಲೇ ನೇರ ಕೊಂಡರೆ ಅಲ್ಲಿನ ಪ್ಯಾಕೇಜ್ ಕಾನೂನು ರಕ್ಷಣೆ ಇದೆ. ಆರು ದಿನ ಮೀರಿದ ಪ್ರವಾಸವನ್ನು ಜನ ಸಾಲದು ಅಂತ ರದ್ದು ಮಾಡುವುದಿದ್ದರೆ 20 ದಿನ ಮೊದಲೇ ಹೇಳಿ ಪೂರ್ತಿ ದುಡ್ಡು ಕೊಡಬೇಕು, ಬೆಲೆ ಶೇ 8ಕ್ಕಿಂತ ಜಾಸ್ತಿ ಏರಿಸಿದರೆ ನೀವು ದಂಡ ಕಟ್ಟದೆ ಹೊರಬರಬಹುದು. ಇಲ್ಲಿನ ಏಜೆಂಟ್ ಹತ್ತಿರ ಆ ಕಾನೂನು ನಡೆಯಲ್ಲ, ಕರಾರಿನಲ್ಲಿ ಬರೆದದ್ದೇ ಮುಖ್ಯ.

ಕಾವೇರಿಪಯಣ
ಎಲ್ಲರಿಗೂ ಧನ್ಯವಾದ. ಏಜೆಂಟ್ ಜೊತೆ ಜಗಳ ಆಡಿ ಹೊಸ ಪ್ಲಾನ್ ತರಿಸಿದೆ. ಸೋಮವಾರ ಇಳಿದು ರೈಲಿನಲ್ಲಿ ಆಂಬ್ವಾಜ್ ಕಡೆಗೆ, 3 ರಾತ್ರಿ. ಗುರುವಾರ ಪ್ಯಾರಿಸ್, 3 ರಾತ್ರಿ. ಶುಕ್ರವಾರ ಸಂಜೆ ಲೂವ್ರ್, ಶನಿವಾರ ವರ್ಸಾಯ್. ಭಾನುವಾರ ಟಿಜಿವಿಯಲ್ಲಿ ಆವಿನ್ಯೋಂ, 3 ರಾತ್ರಿ. ಸೋಮವಾರ ಪೋಪ್ ಅರಮನೆ ಮತ್ತು ಪೋಂ ದ್ಯು ಗಾರ್ (ರೋಮನ್ನರ ನೀರಿನ ಸೇತುವೆ), ಮಂಗಳವಾರ ಬೆಳಿಗ್ಗೆ ಗೋರ್ದ್, ಮಧ್ಯಾಹ್ನ ಲ್ಯಾವೆಂಡರ್. ಬುಧವಾರ ನೀಸ್, 2 ರಾತ್ರಿ. ಶುಕ್ರವಾರ ವಿಮಾನ. ಲಾಸ್ಕೊ ಇಬ್ಬರು ಮುನಿಸಿಕೊಂಡಿದ್ದಾರೆ, ನೋಡೋಣ.

ಸೊಪ್ಪಿನಸಾರು
ನಾಲ್ಕೇ ಹೋಟೆಲ್! ಭಾನುವಾರ ರಾತ್ರಿ ಆವಿನ್ಯೋಂನಲ್ಲಿ ಊಟ ಮೊದಲೇ ಬುಕ್ ಮಾಡಿಸಿ ಅಕ್ಕ.

ನಕ್ಷೆಪ್ರಿಯ
ಮಂಗಳವಾರ ಅದಲು ಬದಲು ಮಾಡಿ. ಗೋರ್ದ್‌ನಲ್ಲಿ ಸಂತೆ ಮಂಗಳವಾರ ಬೆಳಿಗ್ಗೆಯೇ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಬೆಳಿಗ್ಗೆ ತಂಪು ಹೊತ್ತಲ್ಲಿ ಲ್ಯಾವೆಂಡರ್ ನೋಡಿ, ಮಧ್ಯಾಹ್ನ 3ರ ಮೇಲೆ ಗೋರ್ದ್‌ಗೆ ಹತ್ತಿ. ವಾಲೆನ್ಸೋಲ್ ಬಯಲು ಆವಿನ್ಯೋಂನಿಂದ 100 ಕಿ.ಮೀ. ಮೇಲಾಗುತ್ತೆ, ಅಲ್ಲಿ ಹೂವು ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ. ಸೋ ಊರಿನ ಕಡೆ ಎತ್ತರ ಜಾಸ್ತಿ, ಹೂವು ತಡ, ಕೊಯ್ಲೂ ತಡ. ನಿಮ್ಮ ದಿನಾಂಕಕ್ಕೆ ವಾಲೆನ್ಸೋಲ್ ಸರಿ.

ಕಾವೇರಿಪಯಣ
ಬದಲಿಸಲು ಈಗಲೇ ಮೇಲ್ ಹಾಕಿದೆ. ಹೊಲದ ಒಳಗೆ ಇಳಿದು ಫೋಟೋ ತೆಗೆಯಲು ಬಿಡುತ್ತಾರಾ?

ಲ್ವಾರ್ ದಂಡೆ
ಹೊಲಗಳು ರೈತರ ಖಾಸಗಿ ಜಮೀನು. ಸಾಲಿನ ಅಂಚಲ್ಲಿ ನಿಂತು ತೆಗೆದುಕೊಳ್ಳಿ, ಗಿಡ ತುಳಿಯಬೇಡಿ, ಕೀಳಬೇಡಿ. ಗುಂಯ್ ಅನ್ನುವಷ್ಟು ಜೇನುಹುಳು ಇರುತ್ತವೆ, ಅಲರ್ಜಿ ಇರುವವರು ತಮ್ಮ ಔಷಧಿ ಇಟ್ಟುಕೊಂಡು ಬಸ್ ಪಕ್ಕದಲ್ಲೇ ಇರಲಿ.